ಪ್ಲಗ್ ಕಿತ್ತರೆ ಸಾಲದು: ಹಳೆ ವಾಲ್ವ್ ಸ್ಕೋಪಿನ ಬಗ್ಗೆ ಒಂದು ತಿದ್ದುಪಡಿ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ವಾಲ್ವ್ (ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಬುರುಡೆ) ಆಸಿಲೋಸ್ಕೋಪುಗಳ, ಅಂದರೆ ವಿದ್ಯುತ್ ಅಲೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರಗಳ ಬಗ್ಗೆ ಲೇಖನವೊಂದು ಬಂದಿತ್ತು. ರೇಡಿಯೊ, ಗ್ರಾಮಫೋನುಗಳ ನಡುವೆ ಈ ಬಡಪಾಯಿ ಯಂತ್ರಕ್ಕೂ ಅರ್ಧ ಪುಟ ಸಿಕ್ಕಿದ್ದು ಕಂಡು ಖುಷಿಯಾಯಿತು. ಆದರೆ ಅದರಲ್ಲಿದ್ದ ಎರಡು ಮಾತನ್ನು ಸುಮ್ಮನೆ ಬಿಡುವಂತಿಲ್ಲ. ಪ್ಲಗ್ ಕಿತ್ತ ಮೇಲೆ ಒಳಗೆ ಧಾರಾಳವಾಗಿ ಕೈ ಹಾಕಬಹುದು ಎಂಬುದು ಒಂದು. ಪರದೆಯ ಮೇಲೆ ಗೆರೆ ಬಾರದಿದ್ದರೆ ಪಿಕ್ಚರ್ ಟ್ಯೂಬೇ ಹೋಗಿದೆ, ಗುಜರಿಗೆ ಹಾಕಿ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಜೀವ ಕಳೆದುಕೊಂಡಾರು. ಎರಡನೆಯದನ್ನು ನಂಬಿದವರು ಒಳ್ಳೆಯ ಯಂತ್ರ ಕಳೆದುಕೊಳ್ಳುತ್ತಾರೆ.

ಈ ಪತ್ರ ಬರೆಯಲು ಕಾರಣವೂ ಇದೆ. ನಮ್ಮ ಪಕ್ಕದ ತೋಟದವರ ಮಗ ಪಾಲಿಟೆಕ್ನಿಕ್ ಓದುತ್ತಿದ್ದಾನೆ. ಸೋಮವಾರ ಬೆಳಿಗ್ಗೆಯೇ ಪುರವಣಿ ಮಡಚಿ ಹಿಡಿದುಕೊಂಡು ಬಂದ. "ತಾತಾ, ಪೇಪರಿನವರೇ ಬರೆದಿದ್ದಾರೆ, ಪ್ಲಗ್ ಕಿತ್ತರೆ ಏನೂ ಆಗಲ್ವಂತೆ. ನಿಮ್ಮ ಸ್ಕೋಪು ಇವತ್ತೇ ಬಿಚ್ಚೋಣವಾ?" ಎಂದ. ಇವನು ನನ್ನನ್ನು ಕೇಳಿದ. ಕೇಳದೆ ಬಿಚ್ಚುವ ಹುಡುಗರು ಎಷ್ಟು ಮಂದಿ ಇದ್ದಾರೋ.

ನಾನು ಸೇನೆಯ ಯಂತ್ರ ರಿಪೇರಿ ವಿಭಾಗವಾದ ಇಎಂಇಯಲ್ಲಿ ಇದ್ದವನು. ಸಿಕಂದರಾಬಾದಿನಲ್ಲಿ ತರಬೇತಿ, ಆಮೇಲೆ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ವೈರ್‌ಲೆಸ್ ಸೆಟ್ಟು ರಿಪೇರಿ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ವಿರಾಜಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದೆ. ಈಗ ಅಂಗಡಿ ಇಲ್ಲ, ಬೆಂಚು ಮಾತ್ರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಿದೆ. ಅದರ ಮೇಲಿರುವ ಸ್ಕೋಪು 1950ರ ದಶಕದ ಅಮೆರಿಕನ್ ವಿನ್ಯಾಸ. ಎತ್ತಲು ಇಬ್ಬರು ಬೇಕು. ಚಾಲೂ ಇದ್ದಾಗ ಐನೂರು ವ್ಯಾಟ್ ತಿನ್ನುತ್ತದೆ; ಮಳೆಗಾಲದಲ್ಲಿ ನಮ್ಮ ಬೆಕ್ಕಿಗೆ ಅದರಷ್ಟು ಇಷ್ಟದ ಜಾಗ ಮನೆಯಲ್ಲಿ ಬೇರೆ ಇಲ್ಲ. ಮೈಸೂರಿನ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡದ್ದು. ಯಾವುದೋ ಕಾಲೇಜಿನ ಲ್ಯಾಬಿನಿಂದ ಹರಾಜಾಗಿ ಬಂದಿತ್ತು. ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಟ್ಯೂಬ್ ಹೋಗಿದೆ ಎಂದೇ ಬರೆದಿತ್ತು. ಟ್ಯೂಬ್ ಹೋಗಿರಲಿಲ್ಲ.

ಮೊದಲು ಜೀವದ ವಿಷಯ.

ಇಂಥ ಸ್ಕೋಪಿನಲ್ಲಿ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಹೊರಡುವ ಕ್ಯಾಥೋಡಿಗೆ ಸುಮಾರು ಮೈನಸ್ 1,350 ವೋಲ್ಟ್, ಪರದೆಯ ಕಡೆಗೆ ಎಂಟು ಒಂಬತ್ತು ಸಾವಿರ ವೋಲ್ಟ್. ಒಟ್ಟು ಹತ್ತು ಸಾವಿರದ ಸುಮಾರು. ಟಿವಿ ಮೆಕ್ಯಾನಿಕ್ಕುಗಳು ಇಎಚ್‌ಟಿ ಅನ್ನುವುದು ಇದನ್ನೇ. ಎಲ್ಲರೂ ಹೆದರುವುದು ಇದಕ್ಕೆ. ಆದರೆ ಲೆಕ್ಕ ಹಾಕಿ ನೋಡಿ. 1,350 ವೋಲ್ಟಿನ ಲೈನಿನಲ್ಲಿ ಚಾರ್ಜ್ ಕೂಡಿಡುವ ಕಂಡೆನ್ಸರ್ 0.015 ಮೈಕ್ರೋಫ್ಯಾರಡ್. ಅದರಲ್ಲಿ ಕೂಡಿಟ್ಟ ಶಕ್ತಿ ಒಂದು ಜೂಲಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅದೇ ಸ್ಕೋಪಿನ ಕೆಳಗಿನ ಪವರ್ ಸಪ್ಲೈಯಲ್ಲಿ 350 ವೋಲ್ಟಿಗೆ ಚಾರ್ಜ್ ಆದ 125 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಂದರಲ್ಲಿ ಏಳೂವರೆ ಜೂಲ್ ಇರುತ್ತದೆ. ಐನೂರು ಪಟ್ಟಿಗೂ ಹೆಚ್ಚು. ಅಂಥವು ಒಂದಲ್ಲ, ಸಾಲಾಗಿ ನಿಂತಿರುತ್ತವೆ. ಹೈ ವೋಲ್ಟೇಜ್ ಮುಟ್ಟಿದ ಕೈ ಬೆಚ್ಚಿ ಹಿಂದಕ್ಕೆ ಹಾರುತ್ತದೆ. ಹಾರಿದ ಕೈ ಹೋಗಿ ತಾಗುವುದು ಈ 350 ಮತ್ತು 500 ವೋಲ್ಟಿನ ತಂತಿಗಳಿಗೆ. ಕೊಲ್ಲುವುದು ಅದು.

ಇದು ಆಸಿಲೇಟರ್‌ನಿಂದ (ವೇಗದ ಅಲೆ ಎಬ್ಬಿಸುವ ಸರ್ಕ್ಯೂಟಿನಿಂದ) ಹೈ ವೋಲ್ಟೇಜ್ ಹುಟ್ಟಿಸುವ ಸ್ಕೋಪಿನ ಮಾತು. ಸಣ್ಣ, ಅಗ್ಗದ ವಾಲ್ವ್ ಸ್ಕೋಪುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರಿನಲ್ಲೇ ಒಂದು ಹೈ ವೋಲ್ಟೇಜ್ ಸುತ್ತು ಇರುತ್ತದೆ. ನೋಡಲು ಸರಳ, ಅಪಾಯ ಮಾತ್ರ ಹೆಚ್ಚು. 50 ಹರ್ಟ್ಸ್ ಆದ್ದರಿಂದ ಅಲ್ಲಿನ ಕಂಡೆನ್ಸರುಗಳು ದೊಡ್ಡವು, ಟ್ರಾನ್ಸ್‌ಫಾರ್ಮರ್ ಕೊಡಬಲ್ಲ ಕರೆಂಟೂ ಹೆಚ್ಚು. ಹಿಡಿದರೆ ಬಿಡುವ ಪೈಕಿಯಲ್ಲ.

ಪ್ಲಗ್ ಕಿತ್ತ ಮೇಲೆ ಏನಾಗುತ್ತದೆ? ಚೆನ್ನಾಗಿರುವ ಸ್ಕೋಪಿನಲ್ಲಿ ವಾಲ್ವುಗಳು ಇನ್ನೂ ಬಿಸಿಯಿರುತ್ತವೆ, ಅವೇ ಚಾರ್ಜನ್ನು ಕುಡಿದು ಖಾಲಿ ಮಾಡುತ್ತವೆ. ನಿಮ್ಮ ಲೇಖಕರು ಕಂಡದ್ದು ಇದನ್ನೇ ಇರಬೇಕು. ಆದರೆ ನಾವು ಬಿಚ್ಚುವುದು ಚೆನ್ನಾಗಿರುವುದನ್ನಲ್ಲವಲ್ಲ! ಒಂದು ವಾಲ್ವ್ ಕಿತ್ತಿಟ್ಟಿದ್ದರೆ, ವಾಲ್ವನ್ನು ಕಾಯಿಸುವ ಹೀಟರ್ ಸುಟ್ಟಿದ್ದರೆ, ಚಾರ್ಜು ಸೋರಿಸುವ ಬ್ಲೀಡರ್ ರೆಸಿಸ್ಟರ್ ತುಂಡಾಗಿದ್ದರೆ ಚಾರ್ಜಿಗೆ ಹೋಗಲು ದಾರಿಯೇ ಇಲ್ಲ. ಗಂಟೆಗಟ್ಟಲೆ ಹಾಗೇ ಕೂತಿರುತ್ತದೆ. ಖಾಲಿ ಮಾಡಿದ ಮೇಲೂ ನಂಬುವಂತಿಲ್ಲ. ಕಂಬಳಿ ಹಿಂಡಿ ಹರವಿದ ಮೇಲೂ ಸ್ವಲ್ಪ ಹೊತ್ತಿಗೆ ತುದಿಯಲ್ಲಿ ನೀರು ಜಿನುಗುತ್ತದಲ್ಲ, ಹೈ ವೋಲ್ಟೇಜ್ ಕಂಡೆನ್ಸರಿನ ಒಳಪದರದಲ್ಲಿ ಅಡಗಿದ ಚಾರ್ಜು ಹಾಗೆಯೇ ಮತ್ತೆ ಹೊರಬರುತ್ತದೆ. ಎರಡು ಸಲ, ಮೂರು ಸಲ ಡಿಸ್ಚಾರ್ಜ್ ಮಾಡಬೇಕು.

ಡಿಸ್ಚಾರ್ಜ್ ಮಾಡುವುದೆಂದರೆ ಸ್ಕ್ರೂಡ್ರೈವರ್ ಇಟ್ಟು ಪಟ್ ಅನಿಸುವುದಲ್ಲ. ಹಾಗೆ ಮಾಡಿದರೆ ಕಂಡೆನ್ಸರಿಗೂ ಪೆಟ್ಟು, ಕಣ್ಣಿಗೂ ಕಿಡಿ. ಒಂದು ಮೊಳದ ಪಿವಿಸಿ ಪೈಪಿನ ತುದಿಗೆ ದಪ್ಪ ತಂತಿಯ ಕೊಕ್ಕೆ, ಅದರ ಹಿಂದೆ ಪೈಪಿನೊಳಗೆ ವೋಲ್ಟೇಜಿಗೆ ತಕ್ಕಷ್ಟು ಸಾಲಾಗಿ ಜೋಡಿಸಿದ ರೆಸಿಸ್ಟರುಗಳು, ಒಟ್ಟು ನೂರು ಕಿಲೋ ಓಮ್. ಒಂದೇ ರೆಸಿಸ್ಟರ್ ಹಾಕಬಾರದು. ಅರ್ಧ ವ್ಯಾಟಿನ ರೆಸಿಸ್ಟರ್ ತಡೆಯುವುದು ಮುನ್ನೂರೈವತ್ತು ವೋಲ್ಟು ಮಾತ್ರ. ಇನ್ನೊಂದು ತುದಿಯಿಂದ ಬಂದ ತಂತಿಯ ಕ್ಲಿಪ್ಪನ್ನು ಮೊದಲು ಚಾಸಿಸಿಗೆ (ಲೋಹದ ಚೌಕಟ್ಟಿಗೆ) ಕಚ್ಚಿಸಿ, ಆಮೇಲೆ ಕೊಕ್ಕೆ. ಹೈ ವೋಲ್ಟೇಜ್ ಕಡೆ ಕ್ಷಣದಲ್ಲಿ ಖಾಲಿಯಾಗುತ್ತದೆ. ದೊಡ್ಡ ಎಲೆಕ್ಟ್ರೊಲಿಟಿಕ್ಕಿಗೆ ಪೂರ್ತಿ ಒಂದು ನಿಮಿಷ ಹಿಡಿದಿರಬೇಕು. ಕಡೆಗೆ ಮೀಟರ್ ಇಟ್ಟು ಸೊನ್ನೆ ಎಂದು ಕಣ್ಣಾರೆ ಕಾಣಬೇಕು. ಬಿದಿರಿನ ಕೋಲು ಸಾಕು ಅನ್ನುವವರು ಜುಲೈ ತಿಂಗಳಲ್ಲಿ ನಮ್ಮ ಕಡೆ ಬಂದು ಬಿದಿರು ಮುಟ್ಟಿ ನೋಡಲಿ. ಕಕ್ಕಡದಲ್ಲಿ, ನಮ್ಮ ಜಡಿಮಳೆಯ ತಿಂಗಳಲ್ಲಿ, ಒಣ ಮರ ಎಂಬುದು ಕೊಡಗಿನಲ್ಲಿ ಇಲ್ಲ. ಸಿಮೆಂಟಿನ ನೆಲವೇ ಬೆವರುತ್ತಿರುತ್ತದೆ. ಕಾಲಡಿಗೆ ರಬ್ಬರ್ ಚಾಪೆ, ಒಣ ಚಪ್ಪಲಿ, ಕೈಯಲ್ಲಿ ಉಂಗುರ ವಾಚು ಇಲ್ಲ, ಮನೆಯಲ್ಲಿ ಮೇನ್ ಸ್ವಿಚ್ ಎಲ್ಲಿದೆಯೆಂದು ಗೊತ್ತಿರುವ ಇನ್ನೊಬ್ಬರು ಇರಬೇಕು. ನಮ್ಮ ಉಸ್ತಾದ್ ಹೇಳುತ್ತಿದ್ದದ್ದು ಒಂದೇ ಮಾತು: ಏಕ್ ಹಾತ್ ಜೇಬ್ ಮೇ. ಚಾಲೂ ಇರುವ ಸೆಟ್ಟಿನ ಹತ್ತಿರ ಒಂದು ಕೈ ಜೇಬಿನಲ್ಲಿದ್ದರೆ ಕರೆಂಟು ಕೈಯಿಂದ ಕೈಗೆ, ಎದೆಯ ಮೂಲಕ ಹಾಯುವುದಿಲ್ಲ.

ಈಗಿನ ಮನೆಗಳಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಹಾಕಿಸಿಕೊಂಡು ಧೈರ್ಯವಾಗಿರುವವರಿಗೆ ಇನ್ನೊಂದು ಮಾತು. ಅದು ಕಾಯುವುದು ಮೇನ್ಸ್ ಕಡೆಯನ್ನು. ಸ್ಕೋಪಿನ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ನೀವು ಶಾಕ್ ತಿಂದರೆ ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗೆಂದು ಅರ್ಥಿಂಗ್ ಪಿನ್ನು ಕತ್ತರಿಸಿ ಸ್ಕೋಪು ಓಡಿಸುವ ಕೆಟ್ಟ ಚಾಳಿಯನ್ನಂತೂ ಯಾರೂ ಕಲಿಯಬೇಡಿ.

ಇನ್ನು ಗುಜರಿಯ ಮಾತು. ಗೆರೆ ಕಾಣದಿರಲು ಹತ್ತು ಕಾರಣ ಇರುತ್ತವೆ, ಟ್ಯೂಬು ಅದರಲ್ಲಿ ಕೊನೆಯದು. ಕುತ್ತಿಗೆಯಲ್ಲಿ ಹೀಟರ್ ಕೆಂಪಗೆ ಕಾಣುತ್ತಿದ್ದರೆ ಟ್ಯೂಬು ಬದುಕಿರುವ ಸಂಭವವೇ ಹೆಚ್ಚು. ಮೊದಲು ನೋಡಬೇಕಾದ್ದು ಗೋಡೆಯ ಪ್ಲಗ್ಗಿನ ವೋಲ್ಟೇಜು. ಇದು ತಮಾಷೆಯಲ್ಲ. ಈ ಯಂತ್ರಗಳಲ್ಲಿ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರುಗಳು ಸರಿಯಾಗಿ ಕೆಲಸ ಮಾಡಲು ಸುಮಾರು 210 ವೋಲ್ಟಾದರೂ ಬೇಕು. ನಮ್ಮಲ್ಲಿ ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಿಗೆ ಸಂಜೆ ಹೊತ್ತು, ಎಲ್ಲರೂ ಪಂಪು ಹಾಕಿದಾಗ, ಎಷ್ಟು ಬರುತ್ತದೆಂದು ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕಡಿಮೆ ಬಿದ್ದರೆ ರೆಗ್ಯುಲೇಟರ್ ಕೈಬಿಡುತ್ತದೆ, ಗೆರೆ ನಡುಗುತ್ತದೆ, ಉಬ್ಬುತ್ತದೆ. ಸ್ಕೋಪಿಗೆ ಏನೂ ಆಗಿರುವುದಿಲ್ಲ. ರಾತ್ರಿ ಹತ್ತರ ಮೇಲೆ ಹಾಕಿ ನೋಡಿ, ಸರಿಯಾಗಿರುತ್ತದೆ.

ಆಮೇಲೆ ಕೆಳ ವೋಲ್ಟೇಜುಗಳು. ನನ್ನದರಲ್ಲಿ ಮೈನಸ್ 150, ಪ್ಲಸ್ 100, 225, 350, 500. ಮೈನಸ್ 150 ಉಳಿದ ಎಲ್ಲಕ್ಕೂ ಅಳತೆಗೋಲು. ಅದು ಸರಿದರೆ ಎಲ್ಲವೂ ಸರಿಯುತ್ತವೆ, ಹೈ ವೋಲ್ಟೇಜೂ ಸೇರಿ. ಇಲ್ಲಿ ಸರಿಯಿಲ್ಲದೆ ಮೇಲಿನದನ್ನು ಮುಟ್ಟುವುದು ವ್ಯರ್ಥ. ಮುಂಭಾಗದಲ್ಲಿ ಬಾಣದ ಗುರುತಿನ ನಿಯಾನ್ ದೀಪಗಳಿದ್ದರೆ ಅವನ್ನೂ ನೋಡಿ. ಕಿರಣ ಪರದೆಯ ಮೇಲಕ್ಕೋ ಕೆಳಕ್ಕೋ ಓಡಿಹೋಗಿದ್ದರೆ ಆ ಕಡೆಯ ದೀಪ ಉರಿಯುತ್ತದೆ. ಆಗ ತಪ್ಪು ಕಿರಣವನ್ನು ಮೇಲೆ ಕೆಳಗೆ ಆಡಿಸುವ ವರ್ಟಿಕಲ್ ಆಂಪ್ಲಿಫೈಯರಿನದು. ಟ್ಯೂಬೂ ಅಲ್ಲ, ಹೈ ವೋಲ್ಟೇಜೂ ಅಲ್ಲ. ತದ್ವಿರುದ್ಧವಾಗಿ, ಬ್ರೈಟ್‌ನೆಸ್ ಪೂರ್ತಿ ತಗ್ಗಿಸಿದರೂ ಪರದೆ ಧಗಧಗ ಉರಿಯುತ್ತಿದ್ದರೆ ಕಿರಣವನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ನೆಗೆಟಿವ್ ಕೊಡುವ ಪ್ರತ್ಯೇಕ ಸಪ್ಲೈ ಸತ್ತಿದೆ. ತಕ್ಷಣ ಆಫ್ ಮಾಡಿ, ಇಲ್ಲವಾದರೆ ಪರದೆಯ ಫಾಸ್ಫರ್ (ಬೆಳಗುವ ಲೇಪ) ಸುಟ್ಟು ಕಲೆ ಬೀಳುತ್ತದೆ. ಆಗ ಟ್ಯೂಬು ನಿಜವಾಗಿಯೂ ಹೋಯಿತು.

ನನ್ನ ಸ್ಕೋಪಿನ ಕಾಯಿಲೆ ಬೇರೆ. ಹಾಕಿದ ಕೂಡಲೆ ಗೆರೆ ಸೊಗಸಾಗಿ ಬರುತ್ತಿತ್ತು. ಅರ್ಧ ಗಂಟೆ ಕಳೆದರೆ ಉಬ್ಬಲು ಶುರು. ಒಂದು ಸೆಂಟಿಮೀಟರ್ ಎತ್ತರ ನಿಲ್ಲಬೇಕಾದ ಕ್ಯಾಲಿಬ್ರೇಟರ್ (ಅಳತೆ ಸರಿನೋಡುವ) ಅಲೆ ಒಂದೂವರೆಗೆ ಬೆಳೆಯುತ್ತಿತ್ತು, ಜೊತೆಗೆ ಮಂಕಾಗುತ್ತಿತ್ತು, ಅಂಚು ಮಸುಕಾಗಿ ಕಡೆಗೆ ಮಾಯ. ಹೀಗೆ ಬೆಳೆಯುವುದೇ ದೊಡ್ಡ ಸುಳಿವು. ಕಿರಣವನ್ನು ಎಳೆಯುವ ವೋಲ್ಟೇಜ್ ಇಳಿದರೆ ಎಲೆಕ್ಟ್ರಾನುಗಳ ವೇಗ ಇಳಿಯುತ್ತದೆ, ಬಾಗಿಸುವ ಪ್ಲೇಟುಗಳ ನಡುವೆ ಹೆಚ್ಚು ಹೊತ್ತು ಇರುತ್ತವೆ, ಅಷ್ಟೇ ಸಿಗ್ನಲ್ಲಿಗೆ ಹೆಚ್ಚು ಬಾಗುತ್ತವೆ. ಪರದೆಯೇ ಒಂದು ವೋಲ್ಟ್‌ಮೀಟರ್ ಆಗಿ ಹೇಳುತ್ತಿದೆ: ಹೈ ವೋಲ್ಟೇಜ್ ಮೂರರಲ್ಲೊಂದು ಪಾಲು ಬಿದ್ದಿದೆ. ಅಲೆ ಕುಗ್ಗಿದರೆ ಹೈ ವೋಲ್ಟೇಜ್ ಏರಿದೆ ಎಂದರ್ಥ, ಅದು ಬೇರೆ ಕಾಯಿಲೆ.

ಹೈ ವೋಲ್ಟೇಜ್ ಭಾಗ ಹೇಗೆ ನಡೆಯುತ್ತದೆಂದು ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗದು. ಒಂದು ಪವರ್ ವಾಲ್ವು ಸುಮಾರು 60 ಕಿಲೋಹರ್ಟ್ಸ್‌ನಲ್ಲಿ ಆಸಿಲೇಟ್ ಆಗುತ್ತದೆ. ಫೆರೈಟ್ ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ಬೆರಳಿನ ಗಾತ್ರವೂ ಇಲ್ಲದ, ಸಾಕೆಟ್ ಇಲ್ಲದೆ ನೇರ ತಂತಿಯಿಂದ ಬೆಸೆದ ಪುಟ್ಟ ರೆಕ್ಟಿಫೈಯರ್ ವಾಲ್ವುಗಳು ಅದನ್ನು ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡುತ್ತವೆ. ಮೈನಸ್ 1,350ಕ್ಕೆ ಒಂದು, ಗ್ರಿಡ್ಡಿಗೆ ಒಂದು, ಮೇಲಿನ ಎಂಟೂವರೆ ಸಾವಿರಕ್ಕೆ ಮೂರು ಪಟ್ಟು ಮಾಡುವ ಟ್ರಿಪ್ಲರಿನಲ್ಲಿ ಮೂರು. ಮೈನಸ್ 1,350ರ ಒಂದು ಪಾಲನ್ನು ರೆಸಿಸ್ಟರುಗಳ ಸರಪಣಿಯಿಂದ ಕೆಳಗಿಳಿಸಿ ಇನ್ನೊಂದು ವಾಲ್ವು ಕಾವಲುಗಾರನಂತೆ ಪರೀಕ್ಷಿಸುತ್ತಿರುತ್ತದೆ. ವೋಲ್ಟೇಜ್ ಇಳಿದರೆ ಆಸಿಲೇಟರ್ ವಾಲ್ವಿನ ಸ್ಕ್ರೀನ್ ಗ್ರಿಡ್ಡಿಗೆ ಹೆಚ್ಚು ಕೊಡುತ್ತದೆ, ಏರಿದರೆ ತಗ್ಗಿಸುತ್ತದೆ. ಕಾವಲುಗಾರ ಎಷ್ಟು ಕಷ್ಟಪಡುತ್ತಿದ್ದಾನೆಂದು ತಿಳಿಯಬೇಕಾದರೆ ಈ ಸ್ಕ್ರೀನ್ ಗ್ರಿಡ್ಡಿನ (ಪರದೆಯದಲ್ಲ; ಮುಂದೆ ಬರೀ ಸ್ಕ್ರೀನು ಎನ್ನುತ್ತೇನೆ) ವೋಲ್ಟೇಜ್ ನೋಡಿದರೆ ಸಾಕು. ಹೈ ವೋಲ್ಟೇಜನ್ನು ಮುಟ್ಟಬೇಕಾಗಿಲ್ಲ, ಸಾಧಾರಣ ಮೀಟರಿನಲ್ಲೇ ಸಿಗುತ್ತದೆ. ಪತ್ರದ ಉಳಿದದ್ದು ಮರೆತರೂ ಇದೊಂದನ್ನು ಹುಡುಗರು ನೆನಪಿಟ್ಟುಕೊಳ್ಳಲಿ.

ಕೋಣೆಯ ದೀಪ ಆರಿಸಿ ನೋಡಿದೆ. ರೆಕ್ಟಿಫೈಯರುಗಳ ಒಳಗಿನ ಕಾಯುವ ತಂತಿ, ಅಂದರೆ ಫಿಲಮೆಂಟು ಮಂದ ಕಿತ್ತಳೆ ಬಣ್ಣದಲ್ಲಿ ಕಾಣುತ್ತಿದ್ದವು. ಆ ಫಿಲಮೆಂಟುಗಳಿಗೆ ಕರೆಂಟು ಬರುವುದೂ ಅದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹಾಕಿದ ಒಂದೆರಡು ಸುತ್ತಿನಿಂದ. ಅವು ಕಾಣುತ್ತಿದ್ದರೆ ಆಸಿಲೇಟರ್ ಬದುಕಿದೆ. ಆ ಫಿಲಮೆಂಟಿಗೆ ಬೇಕಾದ್ದು ಒಂದೂಕಾಲು ವೋಲ್ಟ್ ಮಾತ್ರವಲ್ಲವೇ ಎಂದು ಮೀಟರ್ ಇಡಲು ಹೋಗಬಾರದು. ಒಂದೂಕಾಲು ವೋಲ್ಟು ಹೌದು, ಆದರೆ ಅದು ಕೂತಿರುವುದು ಸಾವಿರಾರು ವೋಲ್ಟಿನ ಮೇಲೆ.

ಮೈನಸ್ 1,350 ಅಳೆಯಲು ಈಗಿನ ಡಿಜಿಟಲ್ ಮೀಟರ್ ಸಾಲದು, ಅದರ ಮಿತಿ ಸಾವಿರ ವೋಲ್ಟು. ನನ್ನ ಹತ್ತಿರ ಅವೋ 8 ಎಂಬ ಹಳೆಯ ಮುಳ್ಳಿನ ಮೀಟರ್ ಇದೆ. 2,500 ವೋಲ್ಟಿನ ಸಾಕೆಟ್ಟಿನಲ್ಲಿ ಅದು ಐವತ್ತು ಮೆಗಾ ಓಮ್, ಸರ್ಕ್ಯೂಟಿಗೆ ಭಾರವಾಗುವುದಿಲ್ಲ. ಅದಕ್ಕಿಂತ ಮೇಲಿನದಕ್ಕೆ ಹೈ ವೋಲ್ಟೇಜ್ ಪ್ರೋಬ್ ಬೇಕೇ ಬೇಕು. ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಕ್ಲಿಪ್ ಕಚ್ಚಿಸಿ, ಕೈ ತೆಗೆದು, ಆಮೇಲೆ ಆನ್. ಓದಿಕೊಂಡು ಮತ್ತೆ ಆಫ್, ಮತ್ತೆ ಡಿಸ್ಚಾರ್ಜ್. ಬೇಸರದ ಕೆಲಸ. ಬೇಸರ ಎಂದು ಚಾಲೂ ಇರುವಾಗಲೇ ಪ್ರೋಬ್ ಚುಚ್ಚಿದವರನ್ನು ನಾನು ನೋಡಿದ್ದೇನೆ.

ಮೊದಲು 1,350 ಸರಿಯಾಗಿಯೇ ಇತ್ತು. ಅದೇ ಹೊತ್ತಿಗೆ ಸ್ಕ್ರೀನಿನಲ್ಲಿ ನೂರರ ಸುಮಾರು. ನಿಮಿಷ ಕಳೆದಂತೆ 1,350 ಅಲ್ಲಾಡಲಿಲ್ಲ, ಸ್ಕ್ರೀನು ಮಾತ್ರ ಏರುತ್ತಾ ಹೋಯಿತು. ಇನ್ನೂರು ದಾಟಿ ಇನ್ನು ಏರಲು ಜಾಗವಿಲ್ಲದಾಗ 1,350 ಕುಸಿಯತೊಡಗಿತು, ಗೆರೆ ಉಬ್ಬಿತು. ಇದರ ಅರ್ಥ ಸ್ಪಷ್ಟ. ಕಾವಲುಗಾರ ಚೆನ್ನಾಗಿದ್ದಾನೆ, ಆಸಿಲೇಟರ್ ಚೆನ್ನಾಗಿದೆ, ಬಿಸಿಯಾದಂತೆ ಎಲ್ಲೋ ಏನೋ ಕರೆಂಟು ಕುಡಿಯುತ್ತಿದೆ. ಸ್ಕ್ರೀನು ಕೆಳಗಿದ್ದು ಹೈ ವೋಲ್ಟೇಜ್ ಮಾತ್ರ ಹೆಚ್ಚಿದ್ದರೆ ಸರಪಣಿಯ ಮೆಗಾ ಓಮ್ ರೆಸಿಸ್ಟರುಗಳನ್ನು ಸಂಶಯಿಸಬೇಕಿತ್ತು. ಹಳೆಯ ಕಾರ್ಬನ್ ರೆಸಿಸ್ಟರುಗಳು ವಯಸ್ಸಿನಿಂದಲೂ ತೇವದಿಂದಲೂ ಬೆಲೆ ಏರಿಸಿಕೊಳ್ಳುತ್ತವೆ. ಕಾವಲುಗಾರ ಕಾಯುವುದು ಅನುಪಾತವನ್ನು. ಅನುಪಾತವೇ ಕೆಟ್ಟರೆ ನಿಷ್ಠೆಯಿಂದಲೇ ತಪ್ಪು ವೋಲ್ಟೇಜನ್ನು ಕಾಯುತ್ತಾನೆ.

ಕುಡಿಯುತ್ತಿರುವುದು ಯಾರು? ಟ್ರಿಪ್ಲರಿಗೆ ಹೋಗುವ ತಂತಿಯನ್ನು ಬಿಡಿಸಿ ನೋಡಿದೆ, ವ್ಯತ್ಯಾಸವಿಲ್ಲ. ಹಾಗಾದರೆ 1,350ರ ಕಡೆಯ ಕಂಡೆನ್ಸರುಗಳು, ಇಲ್ಲವೇ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರಿನ ಹೆಸರು ಕೇಳಿದರೆ ಈ ಕೆಲಸ ಬಲ್ಲವರ ಮುಖ ಸಣ್ಣಗಾಗುತ್ತದೆ. ಆ ಕಾಲದ ಎಪಾಕ್ಸಿ ತುಂಬಿದ ಟ್ರಾನ್ಸ್‌ಫಾರ್ಮರುಗಳು ವರ್ಷ ಕಳೆದಂತೆ ಒಳಗೇ ಶಕ್ತಿ ನುಂಗಲು ಶುರುಮಾಡುತ್ತವೆ. ನುಂಗಿದ್ದು ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಹೆಚ್ಚು ನುಂಗುತ್ತದೆ. ಲಕ್ಷಣ ಥೇಟ್ ನನ್ನ ಸ್ಕೋಪಿನದೇ. ಅದನ್ನು ಬೇರೆ ಸುತ್ತಿಸಬೇಕಾದರೆ ಪಂಪಿನ ಮೋಟಾರು ಸುತ್ತುವವರಿಂದ ಆಗದು, ಅಡ್ಡಾದಿಡ್ಡಿ ಹೆಣೆಯುವ ವೇವ್ ವೈಂಡಿಂಗ್ ಯಂತ್ರ ಬೇಕು. ಆದ್ದರಿಂದಲೇ ಅದನ್ನು ಕೊನೆಗೆ ಸಂಶಯಿಸಬೇಕು. ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಅಕ್ಕಪಕ್ಕ ರಟ್ಟು ಮುಚ್ಚಿ, ಸ್ಕೋಪು ತಣ್ಣಗಿರುವಾಗಲೇ ಮಗಳ ಹೇರ್ ಡ್ರೈಯರಿನಿಂದ ಟ್ರಾನ್ಸ್‌ಫಾರ್ಮರ್ ಒಂದನ್ನೇ ಬೆಚ್ಚಗೆ ಮಾಡಿ ಆನ್ ಮಾಡಿದೆ. ಸ್ಕ್ರೀನು ನೂರರಲ್ಲೇ ನಿಂತಿತು. ಮಾರನೆ ದಿನ ಹಾಗೆಯೇ 0.015 ಕಂಡೆನ್ಸರ್ ಒಂದನ್ನೇ ಬೆಚ್ಚಗೆ ಮಾಡಿದೆ. ಸ್ಕ್ರೀನು ಶುರುವಿನಲ್ಲೇ ನೂರೆಂಬತ್ತು.

ಖಾತ್ರಿಗೆ ಅದನ್ನು ಬಿಡಿಸಿ ಹೊರತೆಗೆದೆ. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅದು ನಿರಪರಾಧಿ. ಒಂಬತ್ತು ವೋಲ್ಟಿನ ಬ್ಯಾಟರಿಗೆ ಬಾಯಿ ಬಿಡುವ ಕಳ್ಳನಲ್ಲ ಅದು. ಕಾಫಿ ಕ್ಯೂರಿಂಗ್ ವರ್ಕ್ಸಿನ ಮೋಟಾರುಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಒಬ್ಬರ ಸಾವಿರ ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ತಂದು ಹಾಕಿದೆ. ತಣ್ಣಗಿದ್ದಾಗ ಮುಳ್ಳು ಒಮ್ಮೆ ಜಿಗಿದು ಅನಂತಕ್ಕೆ ಹೋಯಿತು. ಬೆಚ್ಚಗೆ ಮಾಡಿದಾಗ ಐದು ಮೆಗಾ ಓಮಿನಲ್ಲಿ ಕೂತಿತು. ಐದು ಮೆಗಾ ಓಮ್ ಏನು ಮಹಾ ಎನ್ನಬಹುದು. 1,350 ವೋಲ್ಟಿಗೆ ಅದು ಕಾಲು ಮಿಲಿ ಆಂಪಿಯರಿಗಿಂತ ಹೆಚ್ಚು. ಗೆರೆ ಬರೆಯುವ ಕಿರಣಕ್ಕೆ ಬೇಕಾದ್ದು ಮೈಕ್ರೋ ಆಂಪಿಯರುಗಳ ಲೆಕ್ಕದ ಕರೆಂಟು! ಮನೆಯವರಿಗಿಂತ ನೆಂಟನೇ ಹೆಚ್ಚು ಉಣ್ಣುತ್ತಿದ್ದ.

ಅದೇ ಬೆಲೆಯದು ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೂರು ಕಿಲೋವೋಲ್ಟಿನ 0.01 ಮತ್ತು 0.0047 ಸಿರಾಮಿಕ್ ಕಂಡೆನ್ಸರ್ ತರಿಸಿ ಪ್ಯಾರಲಲ್ ಆಗಿ ಹಾಕಿದೆ. ಎರಡೂ ಸೇರಿ ನೂರು ರೂಪಾಯಿ ಆಗಲಿಲ್ಲ. ಬೆಸುಗೆಯ ತುದಿಗಳು ಮುಳ್ಳಿನಂತೆ ನಿಲ್ಲದೆ ದುಂಡಗಿರಬೇಕು. ಚೂಪು ತುದಿಯಿಂದ ಹೈ ವೋಲ್ಟೇಜ್ ಗಾಳಿಗೆ ಸೋರುತ್ತದೆ, ಕತ್ತಲಲ್ಲಿ ನೇರಳೆ ಬೆಳಕಾಗಿ ಕಾಣುತ್ತದೆ. ಇನ್ನೊಂದು ಎಚ್ಚರ: ಈ ಸ್ಕೋಪಿನಲ್ಲಿ ಬಿಡಿಭಾಗಗಳನ್ನು ಸಿರಾಮಿಕ್ ಪಟ್ಟಿಯ ಹಲ್ಲುಗಳಲ್ಲಿ ಬೆಸೆದಿರುತ್ತಾರೆ. ಹಲ್ಲಿನೊಳಗೆ ಬೆಳ್ಳಿಯ ಲೇಪವಿದೆ. ಸಾದಾ ಸೋಲ್ಡರ್ ಹಾಕಿ ಮತ್ತೆ ಮತ್ತೆ ಕಾಯಿಸಿದರೆ ಆ ಬೆಳ್ಳಿಯೇ ಕರಗಿ ಸೋಲ್ಡರಿಗೆ ಸೇರಿಬಿಡುತ್ತದೆ, ಹಲ್ಲು ಬೋಳಾಗುತ್ತದೆ. ಆದ್ದರಿಂದ ಸ್ವಲ್ಪ ಬೆಳ್ಳಿ ಬೆರೆತ ಸೋಲ್ಡರೇ ಬೇಕು. ತಯಾರಿಸಿದವರು ಅದರ ಒಂದು ಪುಟ್ಟ ಸುರುಳಿಯನ್ನು ಪೆಟ್ಟಿಗೆಯೊಳಗೇ ಸಿಕ್ಕಿಸಿಟ್ಟಿದ್ದಾರೆ. ಹಿಂದಿನ ಯಾರೂ ಅದನ್ನು ಮುಟ್ಟಿರಲಿಲ್ಲ. ಅಂದರೆ ಯಾರೂ ರಿಪೇರಿಗೇ ಕೈ ಹಾಕಿರಲಿಲ್ಲ, ಚೀಟಿ ಮಾತ್ರ ಬರೆದರು.

ರೆಕ್ಟಿಫೈಯರ್ ವಾಲ್ವು ಸುಟ್ಟಿದ್ದರೆ 1ಎನ್4007 ಡಯೋಡುಗಳನ್ನು ಸಾಲಾಗಿ ಹಾಕಿ ಎಂದು ಮೊಬೈಲಿನಲ್ಲಿ ಹೇಳುವವರಿದ್ದಾರಂತೆ. ಹಾಕಬೇಡಿ. ಅದು 50 ಹರ್ಟ್ಸಿಗೆ ಹುಟ್ಟಿದ್ದು, 60 ಕಿಲೋಹರ್ಟ್ಸಿನಲ್ಲಿ ಹಿಮ್ಮುಖ ಬಾಗಿಲು ಮುಚ್ಚುವಷ್ಟರಲ್ಲಿ ಅಲೆ ತಿರುಗಿರುತ್ತದೆ. ವೇಗದ ಹೈ ವೋಲ್ಟೇಜ್ ಡಯೋಡುಗಳೇ ಬೇರೆ ಸಿಗುತ್ತವೆ.

ನಮ್ಮ ಜಿಲ್ಲೆಯಲ್ಲಿ ಇಂಥ ಸ್ಕೋಪು ಇಟ್ಟುಕೊಂಡ ಕಾಲೇಜುಗಳಿಗೆ, ಮನೆಗಳಿಗೆ ಮಳೆಗಾಲದ ಮಾತು ಬೇರೆಯೇ ಹೇಳಬೇಕು. ಉಪ್ಪು ನೀರಾಗುವ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಹವೆಯಲ್ಲಿ ಧೂಳು ಕೂತ ಹೈ ವೋಲ್ಟೇಜ್ ಪೆಟ್ಟಿಗೆ ಸೋರದೆ ಇರುತ್ತದೆಯೇ? ಮೇ ತಿಂಗಳಲ್ಲೇ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಬಟ್ಟೆ ಬೀರುವಿನಲ್ಲಿ ಹಾಕುವ ಹಾಗೆ 15 ವ್ಯಾಟಿನ ಹಳೆ ಬಲ್ಬೊಂದನ್ನು ಸ್ಕೋಪಿನ ಕಪಾಟಿನಲ್ಲಿ ಉರಿಸಿ. ಮಳೆಗಾಲದ ಕೊನೆಗೆ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದು ಮೊದಲ ಸಲ ಹಾಕುವಾಗ ಹೈ ವೋಲ್ಟೇಜ್ ಆಸಿಲೇಟರಿನ ವಾಲ್ವನ್ನು ಸಾಕೆಟ್ಟಿನಿಂದ ತೆಗೆದಿಟ್ಟು, ಅದರ ಹೀಟರ್ ಬೇರೆ ವಾಲ್ವುಗಳ ಜೊತೆ ಸೀರೀಸಿನಲ್ಲಿ ಇಲ್ಲವೆಂದು ನಕ್ಷೆಯಲ್ಲಿ ನೋಡಿಕೊಂಡು, ಎರಡು ಗಂಟೆ ಓಡಿಸಿ. ಐನೂರು ವ್ಯಾಟಿನ ಶಾಖದಲ್ಲಿ ಒಳಗೆಲ್ಲ ತಾನೇ ಒಣಗುತ್ತದೆ. ಆಮೇಲೆ ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ವಾಲ್ವ್ ಹಾಕಿ.

ಇಷ್ಟೆಲ್ಲ ಸಾಧ್ಯವಾದದ್ದು ನನ್ನ ಹತ್ತಿರ ಸರ್ಕ್ಯೂಟ್ ನಕ್ಷೆಯ ಪುಸ್ತಕ ಇದ್ದದ್ದರಿಂದ. ಗುಜರಿಯವನು ಅದನ್ನು ರದ್ದಿಯಲ್ಲಿ ಬೇರೆ ಕಟ್ಟಿಟ್ಟಿದ್ದ, ಕೇಳಿ ಪಡೆದೆ. ಲ್ಯಾಬ್ ಸಾಮಾನು ಹರಾಜು ಹಾಕುವವರು ಯಂತ್ರವನ್ನು ಒಂದು ಲಾಟು, ಪುಸ್ತಕಗಳನ್ನು ಇನ್ನೊಂದು ಲಾಟು ಮಾಡುವುದು ಯಾವ ಜಾಣತನವೋ ತಿಳಿಯದು. ಪುಸ್ತಕವನ್ನು ಯಂತ್ರದ ಕಾಲಿಗೇ ಕಟ್ಟಿ ಕೊಡಿ. ಹರಾಜಿಗೆ ಮುಂಚೆ ಪಾಲಿಟೆಕ್ನಿಕ್ ಹುಡುಗರಿಗೆ, ಜೊತೆಗೆ ಗೊತ್ತಿರುವ ಮೇಷ್ಟ್ರೊಬ್ಬರು ನಿಂತು, ಒಂದು ಸಲ ನೋಡಲು ಬಿಡಿ. ನಿಜವಾಗಿಯೂ ಟ್ಯೂಬು ಹೋಗಿದ್ದರೆ ಅದನ್ನು ಕಲ್ಲಿನಿಂದ ಒಡೆಯಬೇಡಿ: ಒಳಗೆ ನಿರ್ವಾತ, ಗಾಜು ಒಳಕ್ಕೆ ಕುಸಿದು ಚೂರು ಹೊರಕ್ಕೆ ಸಿಡಿಯುತ್ತದೆ, ಗಾಜಿನಲ್ಲಿ ಸೀಸವೂ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು, ಹೊಳೆ ದಂಡೆಗಲ್ಲ.

ಲೇಖಕರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯದರ ಬಗ್ಗೆ ಪ್ರೀತಿಯಿಂದಲೇ ಬರೆದಿದ್ದಾರೆ. ಆದರೆ ಪ್ಲಗ್ ಕಿತ್ತರೆ ಸಾಕು ಎಂಬ ಆ ಸಾಲಿಗೆ ಮುಂದಿನ ಭಾನುವಾರದ ಪುರವಣಿಯಲ್ಲೇ, ಅದೇ ಪುಟದಲ್ಲೇ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ನನ್ನ ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಕಂಡೆನ್ಸರಿನ ಕಥೆ ಕತ್ತರಿಸಿ, ಡಿಸ್ಚಾರ್ಜಿನ ಭಾಗ ಉಳಿಸಿ.

ಇಂತಿ,
ನಿವೃತ್ತ ಇಎಂಇ ಮೆಕ್ಯಾನಿಕ್
ವಿರಾಜಪೇಟೆ ತಾಲ್ಲೂಕು, ಕೊಡಗು
(ಹೆಸರು ಪ್ರಕಟಣೆಗೆ ಬೇಡ)